ಬರೆಯುವ ಅನುಮತಿ

“ಗುರುಗಳೇ, ಮಲಿಯಪ್ಪನಿಗೆ ಕೊಟ್ಟದ್ದನ್ನು ನನಗೆ ಯಾಕೆ ಕೊಡಲಿಲ್ಲ?” ಎಂದು ಇಂದುಧರ ಕೇಳಿದ.

ಪಾಠ ಮುಗಿದಿತ್ತು. ಉಳಿದ ಶಿಷ್ಯರು ಕಂಪ್ಯೂಟರು ಮುಚ್ಚಿಟ್ಟು ಎದ್ದು ಹೋಗಿದ್ದರು. ಇಂದುಧರ ಮಾತ್ರ ಕೂತಲ್ಲಿಂದ ಏಳಲಿಲ್ಲ.

“ಮಲಿಯಪ್ಪನಿಗೆ ನಾನೇನು ಕೊಟ್ಟೆ?” ಎಂದರು ಗುರುಗಳು.

“ತಾವು ಬರೆಯುತ್ತಿರುವ ಪ್ರೋಗ್ರಾಮಿನ ಮುಖ್ಯ ಫೈಲಿನಲ್ಲಿ ಬರೆಯುವ ಅನುಮತಿ. ನಾನು ಅವನಿಗಿಂತ ಮೊದಲು ಬಂದವನು. ಆದರೂ ನನಗೆ ಓದುವುದಷ್ಟೇ.”

“ಹಾಗಂತ ಯಾರು ಹೇಳಿದರು?”

“ಯಾರಾದರೂ ಹೇಳಬೇಕೇ? ಕಾಣುತ್ತದಲ್ಲ.”

“ಓಹೋ, ಕಾಣುತ್ತದೋ! ಹಾಗಾದರೆ ಸರಿಯಾಗಿ ಕೂತುಕೋ. ಎಲ್ಲವೂ ಕಾಣುತ್ತಿದ್ದ ಇನ್ನೊಬ್ಬನ ಕತೆ ಹೇಳುತ್ತೇನೆ” ಎಂದು ಗುರುಗಳು ಕತೆ ಶುರುಮಾಡಿದರು.

ತುಂಗಭದ್ರೆಯ ದಡದಲ್ಲಿ ಒಂದು ಊರು. ಆ ಊರಿನಲ್ಲಿ ಒಬ್ಬ ಮೇಷ್ಟ್ರು. ಜೀವಮಾನವೆಲ್ಲ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಉಳಿದವರು ಆ ವಯಸ್ಸಿಗೆ ಕಟ್ಟೆ ಹಿಡಿದು ಕೂರುತ್ತಾರೆ, ಇವರು ಕಂಪ್ಯೂಟರು ಕಲಿತರು. ಅವರ ಕೈಕೆಳಗೆ ಇಬ್ಬರು ತರುಣರು ಕೆಲಸ ಮಾಡುತ್ತಿದ್ದರು, ಕೊಟ್ರೇಶ ಮತ್ತು ಹಾಲೇಶ. ಇಬ್ಬರೂ ಒಂದೇ ದಿನ ಬಂದವರು. ಕೊಟ್ರೇಶ ಬುದ್ಧಿವಂತ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ದಡ್ಡನಿಗೆ ಇಂಥ ಹೊಟ್ಟೆಕಿಚ್ಚು ಬರುವುದಿಲ್ಲ. ಬಂದರೂ ಒಂದು ಊಟ ಮಾಡಿ ನಿದ್ದೆ ಹೊಡೆದರೆ ಹೋಗುತ್ತದೆ. ಬುದ್ಧಿವಂತನ ಹೊಟ್ಟೆಕಿಚ್ಚು ಹಾಗಲ್ಲ, ಅದು ದಿನಾ ಹೊಸ ಹೊಸ ಕಾರಣ ಹುಡುಕಿಕೊಂಡು ಬರುತ್ತದೆ.

ಅವರು ಮಾಡುತ್ತಿದ್ದ ಕೆಲಸ ಇದು. ಊರಿನ ಆಚೆ ಕಣ್ಣಿಲ್ಲದ ಮಕ್ಕಳ ಶಾಲೆಯೊಂದಿತ್ತು. ಅಲ್ಲಿ ಪಾಠ ಹೇಳುವ ಮಂದಾಕಿನಿ ಟೀಚರಿಗೂ ದೃಷ್ಟಿ ಇರಲಿಲ್ಲ. ಆ ಮಕ್ಕಳು ಪಾಠವನ್ನು ಕಂಪ್ಯೂಟರಿನಿಂದ ಕೇಳುತ್ತಿದ್ದರು. ಅಕ್ಷರ ಕೊಟ್ಟರೆ ಅದನ್ನು ಮಾತಾಗಿ ಓದಿ ಹೇಳುವ ಪ್ರೋಗ್ರಾಂ ಅದರಲ್ಲಿತ್ತು. ತೊಂದರೆ ಏನೆಂದರೆ, ಆ ಪಾಠಗಳೆಲ್ಲ ಹಳೆಯ ಕಾಲದ ಫಾಂಟಿನಲ್ಲಿ ಟೈಪಾಗಿದ್ದವು. ಹೊರಗಿನಿಂದ ನೋಡುವ ಕಣ್ಣಿಗೆ ಅದು ಮುದ್ದಾದ ಕನ್ನಡ. ಒಳಗಿರುವುದು ಮಾತ್ರ ಇಂಗ್ಲಿಷಿನ ಚೂರುಪಾರು ಗುರುತುಗಳು. ಓದುವ ಯಂತ್ರಕ್ಕೆ ಹೊರಗಿನ ಚೆಂದ ಕಾಣುವುದಿಲ್ಲ, ಒಳಗಿದ್ದದ್ದನ್ನು ಇದ್ದ ಹಾಗೆ ಒದರುತ್ತದೆ. ಪುಸ್ತಕದಲ್ಲಿ ‘ಹಸು ಹಾಲು ಕೊಡುತ್ತದೆ’ ಎಂದಿದ್ದರೆ ಮಕ್ಕಳಿಗೆ ಕೇಳಿಸುವುದು ‘ಪಿ, ಎ, ಜೆ, ಸ್ಟಾರ್, ಝಡ್’. ಪಾಪ, ಏನು ಕಲಿತಾವು?

ಮೇಷ್ಟ್ರು ಇದಕ್ಕೊಂದು ದಾರಿ ಮಾಡಿದರು. ಹಳೆಯ ಗುರುತನ್ನು ಕೊಟ್ಟರೆ ನಿಜವಾದ ಕನ್ನಡ ಅಕ್ಷರ ಮಾಡಿಕೊಡುವ ಪ್ರೋಗ್ರಾಂ. ಪ್ರೋಗ್ರಾಂ ಸಣ್ಣದು. ಅದರ ಜೀವವೆಲ್ಲ ಇದ್ದದ್ದು ಒಂದು ಫೈಲಿನಲ್ಲಿ. ಈ ಗುರುತು ಬಂದರೆ ಈ ಅಕ್ಷರ, ಈ ಗುರುತಿನ ಹಿಂದೆ ಇದು ಬಂದರೆ ಈ ಒತ್ತು, ಹೀಗೆ ಸಾಲಿಗೊಂದು ನಿಯಮ. ಒಂದೊಂದು ಮುದ್ರಣಾಲಯ ಒಂದೊಂದು ಫಾಂಟನ್ನು ಬಳಸಿತ್ತು, ಒಂದೊಂದು ಫಾಂಟಿಗೆ ಒಂದೊಂದು ಹುಚ್ಚು. ಮೂವರೂ ಪುಟ ಪುಟ ಜಾಲಾಡಿ, ತಪ್ಪು ಹುಡುಕಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಒಂದೊಂದೇ ನಿಯಮ ಕಂಡುಕೊಂಡಿದ್ದರು. ವರ್ಷಗಟ್ಟಲೆ ಬೆಳೆದ ಫೈಲು ಅದು.

ಈಗ ಫೈಲಿನ ಅನುಮತಿಯ ವಿಷಯ. ನಿನಗೆ ಗೊತ್ತಿರುವುದೇ, ಆದರೂ ಕೇಳು. ಗೊತ್ತಿದೆ ಅನ್ನುವವರಿಗೇ ನಾನು ಇದನ್ನು ಹೇಳುವುದು. ಪ್ರತಿ ಫೈಲಿಗೂ ಒಬ್ಬ ಒಡೆಯ ಇರುತ್ತಾನೆ, ಅವನ ಜೊತೆ ಕೆಲಸ ಮಾಡುವವರ ಒಂದು ಗುಂಪು ಇರುತ್ತದೆ, ಆಮೇಲೆ ಉಳಿದ ಜನ. ಯಾರು ಓದಬಹುದು, ಯಾರು ಬರೆಯಬಹುದು ಎಂಬುದನ್ನು ಒಡೆಯ ಗೊತ್ತು ಮಾಡುತ್ತಾನೆ. ನಿಯಮದ ಫೈಲನ್ನು ಮೊದಲು ಹುಟ್ಟಿಸಿದ ದಿನ ಮೇಷ್ಟ್ರ ಕಂಪ್ಯೂಟರು ಕೆಟ್ಟು ಕೂತಿತ್ತು. “ಹಾಲೇಶ, ನಿನ್ನ ಹೆಸರಿನಲ್ಲೇ ಒಂದು ಫೈಲು ಮಾಡಪ್ಪ” ಎಂದರು. ಹಾಲೇಶ ಮಾಡಿದ. ಒಡೆಯನ ಜಾಗದಲ್ಲಿ ಅವನ ಹೆಸರು ಬಂತು. ಇಷ್ಟೇ ನಡೆದದ್ದು, ಇದರಲ್ಲಿ ರಾಜಕೀಯ ಏನೂ ಇರಲಿಲ್ಲ.

ಕೊಟ್ರೇಶ ಆ ದಿನ ರಜೆಯಲ್ಲಿದ್ದ. ಮರುದಿನ ಬಂದು ಫೈಲಿನ ವಿವರ ತೆಗೆದು ನೋಡಿದ. ಒಡೆಯ, ಹಾಲೇಶ. ಅಲ್ಲಿಗೆ ಅವನ ಕಣ್ಣು ನಿಂತುಬಿಟ್ಟಿತು. ಅದೇ ಸಾಲಿನಲ್ಲಿ ಗುಂಪಿಗೆ ಏನು ಅನುಮತಿ ಇದೆ ಎಂದು ಬರೆದಿತ್ತು, ಓದಲಿಲ್ಲ. ಓದುವ ಮನಸ್ಸೇ ಆಗಲಿಲ್ಲ. ‘ನಾನಿಲ್ಲದ ದಿನ ನೋಡಿ ಮಾಡಿಕೊಂಡಿದ್ದಾನೆ’ ಎಂದುಕೊಂಡು ವಿವರದ ಕಿಟಕಿ ಮುಚ್ಚಿದ. ಆಮೇಲೆ ಒಂದು ದಿನವೂ ಅದನ್ನು ತೆರೆದು ನೋಡಲಿಲ್ಲ. ಯಾಕೆ ನೋಡಬೇಕು? ತಿಳಿಯಬೇಕಾದದ್ದೆಲ್ಲ ತಿಳಿದಾಗಿತ್ತಲ್ಲ.

ಅಂದಿನಿಂದ ಶುರುವಾಯಿತು ಹೊಟ್ಟೆ ಉರಿ.

ಮೇಷ್ಟ್ರು ಹೊಸ ನಿಯಮ ಸಿಕ್ಕಿದಾಗೆಲ್ಲ “ಹಾಲೇಶ, ಇದನ್ನು ಸೇರಿಸಿಬಿಡು” ಎನ್ನುತ್ತಿದ್ದರು. ಹಾಲೇಶನ ಮೇಜು ಅವರ ಪಕ್ಕದಲ್ಲಿತ್ತು, ಮೇಷ್ಟ್ರ ದನಿ ಕುಗ್ಗಿತ್ತು, ಅದಕ್ಕೆ. ಕೊಟ್ರೇಶನಿಗೆ ಹಾಗೆ ಕೇಳಿಸಲಿಲ್ಲ. ‘ಹಾಲೇಶ’ ಎಂಬ ಒಂದು ಮಾತು ಮಾತ್ರ ಕಿವಿಗೆ ಸೀಸ ಕಾಸಿ ಹೊಯ್ದಂತೆ ಬೀಳುತ್ತಿತ್ತು. ತಾನು ಕಂಡುಹಿಡಿದ ನಿಯಮವನ್ನು ಒಂದು ಚೀಟಿಯಲ್ಲಿ ಬರೆದು ಹಾಲೇಶನ ಮೇಜಿನ ಮೇಲೆ ಎಸೆದು ಬರುತ್ತಿದ್ದ. ಹಾಲೇಶ ಅದನ್ನು ಫೈಲಿಗೆ ಸೇರಿಸುತ್ತಿದ್ದ. ‘ನೋಡು, ದುಡಿಯುವುದು ನಾನು, ಬರೆಯುವುದು ಇವನು’ ಎಂದು ಕೊಟ್ರೇಶ ಹಲ್ಲು ಕಡಿಯುತ್ತಿದ್ದ. ‘ನಾನೇ ಬರೆಯಲಾ?’ ಎಂದು ಒಮ್ಮೆ ಕೇಳಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು, ನಾನೂ ಈಗ ಒಂದು ಲೋಟ ಚಹಾ ಕುಡಿಯುತ್ತಿದ್ದೆ. ಕೇಳಲಿಲ್ಲ. ಕೇಳಿದರೆ ಮರ್ಯಾದೆ ಹೋಗುತ್ತದಲ್ಲ!

ಒಂದು ಸಲ ಏನಾಯಿತೆಂದರೆ, ಆ ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಬಂದಾಗೆಲ್ಲ ಅಕ್ಷರಗಳು ಹಿಂದುಮುಂದಾಗುತ್ತಿದ್ದವು. ‘ಸೂರ್ಯ’ ಎಂಬುದು ಯಂತ್ರದ ಬಾಯಲ್ಲಿ ಏನೇನೋ ಆಗಿ, ಕೇಳುವ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಮೇಷ್ಟ್ರು ಕೈಚೆಲ್ಲಿದ್ದರು. ಕೊಟ್ರೇಶ ಅನ್ನ ನೀರು ಮರೆತು ಕೂತು ಅದಕ್ಕೊಂದು ನಿಯಮ ಕಂಡುಹಿಡಿದ. ಚೀಟಿ ಬರೆದುಕೊಟ್ಟ. ಹಾಲೇಶ ಸೇರಿಸಿದ. ಮರುದಿನ ಪುಟ ಓದಿದ ಮೇಷ್ಟ್ರ ಮುಖ ಅರಳಿತು.

“ಭೇಷ್ ಹಾಲೇಶ! ಸೂರ್ಯ ಸರಿಯಾಗಿ ಹುಟ್ಟಿದ ನೋಡು.”

“ನಂದಲ್ಲ ಮೇಷ್ಟ್ರೇ, ಇದು ಕೊಟ್ರೇಶಂದು” ಎಂದ ಹಾಲೇಶ.

ಮೇಷ್ಟ್ರು ಎದ್ದು ಬಂದು ಕೊಟ್ರೇಶನ ಬೆನ್ನು ತಟ್ಟಿದರು. ಬೇರೆಯವನಾಗಿದ್ದರೆ ಹಿಗ್ಗಿ ಹೀರೇಕಾಯಿ ಆಗುತ್ತಿದ್ದ. ಕೊಟ್ರೇಶನಿಗೆ ಇನ್ನಷ್ಟು ಉರಿಯಿತು. ‘ನನ್ನ ಹೆಸರು ಹೇಳುವುದಕ್ಕೂ ಇವನ ಬಾಯೇ ಬೇಕೇ? ಒಳ್ಳೆಯತನವನ್ನೂ ಇವನೇ ಹೊಡೆದುಕೊಂಡನಲ್ಲ!’ ಎಂದು ಒಳಗೊಳಗೇ ಬೆಂದ. ನಗಬೇಡ ಇಂದುಧರ. ನಗುವಂಥದ್ದೇನೂ ಇಲ್ಲ ಇದರಲ್ಲಿ.

ಹೀಗಿರುವಾಗ ಮಕ್ಕಳ ಪರೀಕ್ಷೆ ಹತ್ತಿರ ಬಂತು. ಅರ್ಧದಷ್ಟು ಪಾಠ ಪರಿವರ್ತನೆಯಾಗಿ ಮಕ್ಕಳ ಕೈ ಸೇರಿತ್ತು. ಇನ್ನರ್ಧ ಉಳಿದಿತ್ತು. ಅವು ಬೇರೊಂದು ಫಾಂಟಿನವು. ಅದರ ನಿಯಮಗಳೂ ಅಂತೂ ಇಂತೂ ಫೈಲಿಗೆ ಬಂದು ಸೇರಿದವು. ಹಾಲೇಶ ಬೆಳಿಗ್ಗೆ ಕೊನೆಯ ಸಾಲು ಬರೆದು ಫೈಲು ಮುಚ್ಚಿದ. “ಮಧ್ಯಾಹ್ನ ಟೀಚರು ಬರ್ತಾರೆ. ಅವರ ಮುಂದೆಯೇ ಪ್ರೋಗ್ರಾಂ ಓಡಿಸಿ ಪಾಠ ಕೊಟ್ಟುಬಿಡೋಣ. ಪಾಪ, ಎಷ್ಟು ದಿನದಿಂದ ಕಾಯ್ತಾ ಇದ್ದಾರೆ” ಎಂದರು ಮೇಷ್ಟ್ರು.

ಕೊಟ್ರೇಶನ ತಲೆಯಲ್ಲಿ ಬೇರೆ ಲೆಕ್ಕ ನಡೆಯಿತು. ಟೀಚರು ಬರುತ್ತಾರೆ. ಮೇಷ್ಟ್ರು ಹಾಲೇಶನನ್ನು ಹೊಗಳುತ್ತಾರೆ. ತಾನು ಗೋಡೆಯ ಹಾಗೆ ನಿಂತಿರಬೇಕು. ಇವತ್ತು ಹಾಗಾಗಬಾರದು. ಇವತ್ತು ಟೀಚರ ಎದುರಿನಲ್ಲೇ ಕೇಳಬೇಕು, ‘ಮೇಷ್ಟ್ರೇ, ಇಷ್ಟು ವರ್ಷ ದುಡಿದ ನನಗೆ ಈ ಫೈಲಿನಲ್ಲಿ ಒಂದಕ್ಷರ ಬರೆಯುವ ಅನುಮತಿಯೂ ಇಲ್ಲ, ಇದು ನ್ಯಾಯವೇ?’ ಎಂದು. ಬರೀ ಬಾಯಿಮಾತಿನಲ್ಲಿ ಕೇಳಿದರೆ ಸಾಲದು, ಕಣ್ಣಿಗೆ ಕಾಣುವ ಸಾಕ್ಷಿ ಬೇಕು. ಕಂಪ್ಯೂಟರೇ ‘ಅನುಮತಿ ಇಲ್ಲ’ ಎಂದು ಹೇಳಬೇಕು.

ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಕೂತು ಪುಟ್ಟದೊಂದು ಪ್ರೋಗ್ರಾಂ ಬರೆದ. ನಿಯಮದ ಫೈಲನ್ನು ಬರೆಯುವುದಕ್ಕೆಂದು ತೆರೆ. ತೆರೆಯಲು ಬಿಡದಿದ್ದರೆ ‘ಅನುಮತಿ ಇಲ್ಲ’ ಎಂದು ತೋರಿಸು. ಬಿಟ್ಟರೆ ‘ಅನುಮತಿ ಇದೆ’ ಎಂದು ತೋರಿಸು, ಫೈಲು ಮುಚ್ಚು. ಒಳಗೆ ಏನನ್ನೂ ಬರೆಯುವುದಿಲ್ಲ. ಯಾರ ಫೈಲಿಗೂ ಕೈ ಹಚ್ಚುವುದಿಲ್ಲ. ಬಾಗಿಲು ತಳ್ಳಿ ನೋಡುವುದಷ್ಟೇ.

ಬಾಗಿಲು ತಳ್ಳಿ ನೋಡುವುದಷ್ಟೇ ಅಂತೆ!

ಫೈಲು ತೆರೆಯುವುದರಲ್ಲಿ ಬಗೆಗಳಿವೆ. ಓದುವುದಕ್ಕೆಂದು ತೆರೆದರೆ ಇದ್ದದ್ದು ಇದ್ದ ಹಾಗೆ ಇರುತ್ತದೆ. ಕೊನೆಗೆ ಸೇರಿಸುವುದಕ್ಕೆಂದು ತೆರೆದರೆ ಹಳೆಯದು ಹಾಗೇ ಇದ್ದು ಹೊಸದು ಅದರ ಕೆಳಗೆ ಹೋಗುತ್ತದೆ. ಬರೆಯುವುದಕ್ಕೆಂದೇ ತೆರೆದರೆ? ಕಂಪ್ಯೂಟರು ಎರಡನೆಯ ಮಾತು ಕೇಳುವುದಿಲ್ಲ. ಮೊದಲು ಸ್ಲೇಟು ಒರೆಸುತ್ತದೆ, ಆಮೇಲೆ ಬಳಪ ಕೈಗೆ ಕೊಡುತ್ತದೆ. ನೀನು ಬರೆದರೂ ಅಷ್ಟೇ, ಬರೆಯದೆ ಸುಮ್ಮನೆ ಎದ್ದು ಹೋದರೂ ಅಷ್ಟೇ, ಒರೆಸಿದ್ದು ಒರೆಸಿದ್ದೇ. ಕೊಟ್ರೇಶನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೇಳಿದವರಿಗೆ ತಾನೇ ಹೇಳಿಕೊಡುತ್ತಿದ್ದ. ಆದರೆ ಅವನು ಅಲ್ಲಿಯವರೆಗೆ ಹಾಗೆ ತೆರೆದದ್ದೆಲ್ಲ ಹೊಸ ಫೈಲುಗಳನ್ನು. ಹೊಸದರಲ್ಲಿ ಒರೆಸುವುದಕ್ಕೆ ಏನಿರುತ್ತದೆ? ಕೈಗೆ ಅದೇ ಅಭ್ಯಾಸ. ಅಲ್ಲದೆ ಆ ಹೊತ್ತಿನಲ್ಲಿ ಅವನ ಮನಸ್ಸು ಫೈಲಿನ ಮೇಲೆ ಇರಲೇ ಇಲ್ಲ. ಅದು ಹಾಲೇಶನ ಮೇಲಿತ್ತು.

ಪ್ರೋಗ್ರಾಂ ಓಡಿಸಿದ. ‘ಇಲ್ಲ’ ಎಂಬ ಮಾತು ಮೂಡುವುದನ್ನು ನೋಡಲು ಕಾತರಿಸಿ ಪರದೆಗೆ ಮುಖ ಹಚ್ಚಿ ಕೂತಿದ್ದ.

‘ಅನುಮತಿ ಇದೆ’ ಎಂದು ಬಂತು.

ಕೊಟ್ರೇಶನಿಗೆ ಸಂತೋಷವಾಯಿತು ಎಂದುಕೊಂಡೆಯಾ? ಎಳ್ಳಷ್ಟೂ ಇಲ್ಲ. ಯಾರೋ ಅವನ ಜೇಬಿಗೆ ಕೈಹಾಕಿ ಇದ್ದದ್ದನ್ನೆಲ್ಲ ಕದ್ದ ಹಾಗಾಯಿತು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಅವಮಾನ ಅದು. ಹಾಲುಣಿಸಿ ಸಾಕಿದ್ದ. ಈಗ ನೋಡಿದರೆ ಅವಮಾನವೇ ಇರಲಿಲ್ಲವಂತೆ! ‘ಹಾಗಾದರೆ ನನಗೂ ಇದೆ. ಇದೆ ಅಂತ ಒಂದು ಮಾತು ಹೇಳಲಿಲ್ಲವಲ್ಲ ಕಳ್ಳ’ ಎಂದು ಹಾಲೇಶನನ್ನೇ ಬೈದುಕೊಂಡ. ಕಾರಣ ಒಂದು ಹೋದರೆ ಇನ್ನೊಂದು ಬರುತ್ತದೆ, ಹೇಳಿದೆನಲ್ಲ. ಫೈಲಿನೊಳಗೆ ಏನಿದೆ ಎಂದು ತಿರುಗಿ ನೋಡುವ ಯೋಚನೆಯೂ ಅವನಿಗೆ ಬರಲಿಲ್ಲ.

ಅಷ್ಟರಲ್ಲಿ ಹಾಲೇಶ ಕರೆದ. “ಬಾರೋ ಕೊಟ್ರೇಶ, ಉಣ್ಣೋಣ. ಅವ್ವ ಗುರೆಳ್ಳು ಪುಡಿ ಕಳಿಸ್ಯಾಳ, ನಿನಗಂತ.”

ಇಬ್ಬರೂ ಎದುರುಬದುರು ಕೂತು ರೊಟ್ಟಿ ಬಿಚ್ಚಿದರು. ಕೊಟ್ರೇಶನಿಗೆ ಗುರೆಳ್ಳು ಪುಡಿ ಎಂದರೆ ಪ್ರಾಣ. ಆದರೂ ‘ನನಗಂತ ಕಳಿಸಿದ್ದಂತೆ, ದೊಡ್ಡ ಉಪಕಾರ’ ಎಂದು ಮನಸ್ಸಿನಲ್ಲೇ ಮೂದಲಿಸುತ್ತ ಎರಡೆರಡು ಸಲ ಹಾಕಿಸಿಕೊಂಡು ತಿಂದ. ಅವನು ತಿನ್ನುತ್ತಿದ್ದ ಆ ಹೊತ್ತಿನಲ್ಲೇ ಒಳಗೆ ಇನ್ನೊಂದು ಕೆಲಸ ನಡೆಯಿತು. ದಿನಾ ಊಟದ ವೇಳೆಗೆ ತಾನಾಗಿ ಓಡುವ ಒಂದು ಪ್ರೋಗ್ರಾಂ ಇತ್ತು. ಅದು ನಿಯಮದ ಫೈಲಿನ ಪ್ರತಿ ತೆಗೆದು, ಹಿಂದಿನ ಪ್ರತಿಯ ಮೇಲೆ ಇಡುತ್ತಿತ್ತು. ಇರಲಿ ಒಂದು, ಅಪಾಯದ ಕಾಲಕ್ಕೆ ಆದೀತು ಎಂದು ಮೇಷ್ಟ್ರೇ ಮಾಡಿಸಿದ್ದು. ಫೈಲು ತುಂಬಿದೆಯೋ ಖಾಲಿಯಿದೆಯೋ ನೋಡುವ ಬುದ್ಧಿಯನ್ನು ಅದಕ್ಕೆ ಯಾರೂ ಕೊಟ್ಟಿರಲಿಲ್ಲ. ಖಾಲಿ ಫೈಲನ್ನು ತೆಗೆದುಕೊಂಡಿತು. ತುಂಬಿದ ಪ್ರತಿಯ ಮೇಲೆ ಇಟ್ಟಿತು. ತನ್ನ ಕೆಲಸ ಮುಗಿಯಿತೆಂದು ಸುಮ್ಮನಾಯಿತು.

ಮಂದಾಕಿನಿ ಟೀಚರು ಹೇಳಿದ ಹೊತ್ತಿಗೆ ಬಂದರು. ಬಿಳಿ ಕೋಲು ಗೋಡೆಗೆ ಒರಗಿಸಿ, ಕುರ್ಚಿ ತಡವಿ ಕೂತರು. ಮೇಷ್ಟ್ರು ಪ್ರೋಗ್ರಾಂ ಓಡಿಸಿದರು. ಕಿವಿಗೆ ಹಚ್ಚುವ ಸಾಧನವನ್ನು ಟೀಚರ ಕೈಗೆ ಕೊಟ್ಟರು. ಕೊಟ್ರೇಶ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ. ಮುಖ ಇನ್ನೂ ಗಂಟು ಹಾಕಿಕೊಂಡೇ ಇತ್ತು.

ಟೀಚರು ಸ್ವಲ್ಪ ಹೊತ್ತು ಕೇಳಿದರು. ನಕ್ಕರು.

“ಮೇಷ್ಟ್ರೇ, ಇದು ಹಳೇದನ್ನೇ ಹಾಕಿದ್ದೀರಿ ಅನ್ನಿಸುತ್ತೆ. ಪಿ, ಎ, ಸ್ಟಾರ್ ಅಂತಿದೆ.”

ಮೇಷ್ಟ್ರು ಮತ್ತೆ ಓಡಿಸಿದರು. ಟೀಚರು ಮತ್ತೆ ಕೇಳಿದರು. ಈ ಸಲ ನಗಲಿಲ್ಲ. ಹಾಲೇಶ ಎದ್ದು ಬಂದು ನಿಯಮದ ಫೈಲು ತೆರೆದ. ಒಂದು ಸಾಲೂ ಇರಲಿಲ್ಲ. ಬಿಳಿಯ ಪರದೆ. ಪ್ರತಿ ತೆರೆದ. ಅದೂ ಬಿಳಿ. ಆ ಒಂದು ಕ್ಷಣದಲ್ಲಿ ಕೊಟ್ರೇಶನಿಗೆ ಎಲ್ಲವೂ ತಿಳಿದುಹೋಯಿತು. ತಾನು ಏನೆಂದು ತೆರೆದೆ, ಕಂಪ್ಯೂಟರು ಏನು ಮಾಡಿತು, ತಾನು ರೊಟ್ಟಿ ತಿನ್ನುತ್ತಿದ್ದಾಗ ಏನಾಯಿತು, ಎಲ್ಲ. ಆದರೆ ತಿಳಿದದ್ದು ಅವನೊಬ್ಬನಿಗೆ ಮಾತ್ರ.

ಹಾಲೇಶ ಮೇಷ್ಟ್ರ ಕಡೆ ತಿರುಗಿದ. ಕಣ್ಣಲ್ಲಿ ನೀರು ತುಂಬಿತ್ತು.

“ಮೇಷ್ಟ್ರೇ, ನನ್ನ ಕೈಯಿಂದಲೇ ಹೋಗಿರಬೇಕು. ಬೆಳಿಗ್ಗೆ ಕೊನೇ ಸಾಲು ಬರೆದವನು ನಾನೇ. ಇದರಲ್ಲಿ ಬರೆಯೋನು ನಾನೊಬ್ಬನೇ ಅಲ್ಲವಾ?”

ಕೊಟ್ರೇಶ ಕೇಳುತ್ತ ನಿಂತಿದ್ದ. ನೋಡು, ಅವನು ಯಾವುದಕ್ಕಾಗಿ ವರ್ಷಗಟ್ಟಲೆ ಹಾತೊರೆದಿದ್ದನೋ ಅದು ಕಾಲ ಬುಡಕ್ಕೇ ಬಂದು ಬಿದ್ದಿತ್ತು. ಹಾಲೇಶ ತಲೆ ತಗ್ಗಿಸಿ ನಿಂತಿದ್ದಾನೆ. ಮೇಷ್ಟ್ರ ಮುಖ ಕಪ್ಪಿಟ್ಟಿದೆ. ಇನ್ನು ಮುಂದೆ ‘ಹಾಲೇಶ, ಸೇರಿಸಿಬಿಡು’ ಎಂಬ ಮಾತು ಆ ಕೋಣೆಯಲ್ಲಿ ಕೇಳಿಸುವುದಿಲ್ಲ. ಕೊಟ್ರೇಶ ಮಾಡಬೇಕಾದದ್ದು ಇಷ್ಟೇ, ಬಾಯಿ ಮುಚ್ಚಿಕೊಂಡು ನಿಲ್ಲುವುದು. ಯಾರೂ ಅವನನ್ನು ಕೇಳುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡೇ ನಿಂತ, ಸ್ವಲ್ಪ ಹೊತ್ತು.

ಆಮೇಲೆ ಟೀಚರು ಒಂದು ಮಾತು ಹೇಳಿದರು. “ಅಳಬೇಡಪ್ಪ ಹಾಲೇಶ. ಇಷ್ಟನ್ನು ನೀನೊಬ್ಬನೇ ಬರೆದಿದ್ದೆ ಅಂದರೆ ಮತ್ತೆ ನೀನೇ ಬರೀತೀಯ. ನಿನ್ನ ಕೈಗುಣ ದೊಡ್ಡದು.”

ಕೊಟ್ರೇಶನಿಗೆ ತಡೆಯಲಾಗಲಿಲ್ಲ. ಪಾಪಪ್ರಜ್ಞೆ ಎನ್ನಬೇಡ, ಅದು ಬಂದದ್ದು ಆಮೇಲೆ. ಮೊದಲು ಎದ್ದದ್ದು ಅದೇ ಹಳೆಯ ಉರಿ. ಕಟ್ಟಿದ ಹೆಸರೂ ಹಾಲೇಶನದೇ, ಕೆಡಿಸಿದ ಹೆಸರೂ ಹಾಲೇಶನದೇ, ಸಮಾಧಾನದ ಮಾತೂ ಹಾಲೇಶನಿಗೇ! ತಪ್ಪು ಮಾಡಿದ್ದಕ್ಕೂ ತನ್ನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲವೇ?

“ನಾನು!” ಎಂದು ಕಿರುಚಿದ. “ನಾನು ಮಾಡಿದ್ದು! ಬರೆಯೋದಕ್ಕೆ ಅಂತ ಅದನ್ನು ತೆರೆದವನು ನಾನು! ಅವನಲ್ಲ!”

ಮೂವರೂ ಅವನ ಕಡೆ ತಿರುಗಿದರು. ಕಣ್ಣಿಲ್ಲದ ಟೀಚರೂ ತಿರುಗಿದರು. ಅಷ್ಟು ಜನ ಒಟ್ಟಿಗೆ ತನ್ನ ಕಡೆ ತಿರುಗಿದ್ದು ಅದೇ ಮೊದಲು. ಆಗ ಕೊಟ್ರೇಶನಿಗೆ ನಾಚಿಕೆ ಬಂತು. ಹೊಟ್ಟೆಕಿಚ್ಚು ಸತ್ಯ ಹೇಳಿಸಿದ್ದನ್ನು ನಾನು ಕೇಳಿರುವುದು ಇದೊಂದೇ ಸಲ.

“ಯಾಕೋ ಕೊಟ್ರೇಶ? ಯಾಕೆ ತೆರೆದೆ ಅದನ್ನು?” ಎಂದರು ಮೇಷ್ಟ್ರು.

“ನನಗೆ ಅನುಮತಿ ಇದೆಯಾ ಇಲ್ಲವಾ ನೋಡೋಣ ಅಂತ.”

ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಅವರು ಹಾಲೇಶನ ಮುಖ ನೋಡಿದರು. ಹಾಲೇಶ ಕಣ್ಣೊರೆಸಿಕೊಂಡು ಕೊಟ್ರೇಶನನ್ನೇ ದಿಟ್ಟಿಸುತ್ತಿದ್ದ.

“ಫೈಲು ಮಾಡಿದ ದಿನವೇ ಗುಂಪಿಗೆ ಬರೆಯೋ ಅನುಮತಿ ಹಾಕಿದ್ದೆನಲ್ಲೋ. ಗುಂಪಿನಲ್ಲಿ ಇರೋನು ಇನ್ಯಾರು, ನೀನೇ ತಾನೆ? ನೀನು ಚೀಟಿ ಕೊಟ್ಟಾಗೆಲ್ಲ, ಇವನಿಗೆ ಬರೆಯೋದಕ್ಕೆ ಬೇಜಾರು ಅಂದುಕೊಂಡೆ.”

ಕೊಟ್ರೇಶ ನಿಂತ ನೆಲ ಬಾಯಿಬಿಡಬಾರದೇ ಎಂದುಕೊಂಡ. ನೆಲಕ್ಕೇನು, ಅದು ಬಾಯಿಬಿಡಲಿಲ್ಲ.

ಟೀಚರು ಕೋಲು ಹುಡುಕಿ ಎದ್ದರು. ಬರಿಗೈಯಲ್ಲಿ ಹೋದರು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಕೊಟ್ರೇಶನಿಗೆ ಅನ್ನಿಸಿತು. “ಮಕ್ಕಳಿಗೆ ಏನು ಹೇಳಲಿ?” ಎಂದು ಬಾಗಿಲ ಹತ್ತಿರ ಒಮ್ಮೆ ಕೇಳಿದರು.

ನಿಯಮಗಳನ್ನು ಮತ್ತೆ ಮೊದಲಿನಿಂದ ಹುಡುಕಬೇಕಾಯಿತು. ಕೆಲವು ಮೇಷ್ಟ್ರಿಗೆ ನೆನಪಿದ್ದವು, ಬಹಳಷ್ಟು ನೆನಪಿರಲಿಲ್ಲ, ಕೊಟ್ರೇಶನ ಚೀಟಿಗಳನ್ನೂ ಯಾರೂ ಎತ್ತಿಟ್ಟಿರಲಿಲ್ಲ. ಪರೀಕ್ಷೆಗೆ ಮುಂಚೆ ಅದು ಮುಗಿಯುವ ಮಾತೇ ಇರಲಿಲ್ಲ. ಆ ವರ್ಷ ಉಳಿದ ಪಾಠಗಳನ್ನು ಮಕ್ಕಳಿಗೆ ಯಾರಾದರೂ ಕೂತು ಓದಿ ಹೇಳಬೇಕಾಗಿತ್ತು. ಸಂಜೆ ಸಂಜೆ ಕೊಟ್ರೇಶ ಹೋದ. ಹಾಲೇಶನೂ ಹೋದ. ಅಲ್ಲಿ ಏನಾಯಿತು ಗೊತ್ತೇ? ಮಕ್ಕಳಿಗೆ ಹಾಲೇಶನ ದನಿ ಹಿಡಿಸಿತು. ಹಾಲೇಶಣ್ಣ ಬರಲಿ, ಹಾಲೇಶಣ್ಣನೇ ಓದಲಿ ಎಂದು ಹಠ ಹಿಡಿದವು. ಕೊಟ್ರೇಶ ಪುಸ್ತಕ ಹಿಡಿದು ಕೂತವನು ಎದ್ದು ಜಾಗ ಬಿಟ್ಟುಕೊಟ್ಟ. ಗುಣವಾಯಿತು, ಬುದ್ಧಿ ಬಂತು ಎಂದುಕೊಂಡೆಯಾ? ಎಲ್ಲಿಂದ ಬರಬೇಕು! ಅಲ್ಲೂ ಉರಿಯಿತು. ಆದರೆ ಈಗ ಆ ಉರಿ ಎಲ್ಲಿಯದು ಎಂದು ಅವನಿಗೆ ಗೊತ್ತಿತ್ತು. ಕಿಟಕಿಯ ಹತ್ತಿರ ಕೂತು, ಹಾಲೇಶ ಓದಿದ್ದನ್ನು ಮಕ್ಕಳ ಜೊತೆಗೆ ತಾನೂ ಕೇಳಿದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಇಂದುಧರ ತಲೆ ತಗ್ಗಿಸಿಕೊಂಡು ಕೂತಿದ್ದ. ಮಲಿಯಪ್ಪನ ಖಾಲಿ ಕುರ್ಚಿಯ ಕಡೆ ಒಮ್ಮೆ ನೋಡಿದ. ಗುರುಗಳ ಕಡೆ ನೋಡಿದ. ಕೇಳಬಾರದು ಎಂದುಕೊಂಡರೂ ಮಾತು ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು.

“ಗುರುಗಳೇ, ಹಾಗಾದರೆ ತಮ್ಮ ಫೈಲಿನಲ್ಲಿ ಬರೆಯುವ ಅನುಮತಿ ನನಗೂ ಇದೆಯೇ?”

“ಇದೆ. ಏನು ಬರೆಯುತ್ತೀ?”

ಇಂದುಧರ ಫೈಲನ್ನು ತೆರೆದ, ಓದುವುದಕ್ಕೆಂದು.